ಬೇರೆ ಬೇರೆ ವಿಮಾನ ಟಿಕೆಟ್ ಮಾಡಿಸುವ ಮುಂಚೆ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿ ಓದಿ

ಮಂಗಳೂರಿನಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಇನ್ನೊಂದು. ದುಡ್ಡು ಉಳಿಯುತ್ತದೆ ಅಂತ ತುಂಬಾ ಜನ ಹೀಗೆ ಮಾಡುತ್ತಾರೆ. ಆದರೆ ಪಿಎನ್‌ಆರ್ (ಬುಕಿಂಗ್ ನಂಬರ್) ಬೇರೆಯಾದರೆ ಅವು ಎರಡು ಬೇರೆ ಪ್ರಯಾಣ. ಮೊದಲ ವಿಮಾನ ರದ್ದಾದರೆ ಆ ಕಂಪನಿ ತನ್ನ ಟಿಕೆಟ್ಟಿನ ಹಣ ವಾಪಸ್ ಕೊಡುತ್ತದೆ, ಇಲ್ಲವೇ ಬೇರೆ ವಿಮಾನ ಕೊಡುತ್ತದೆ. ಎರಡನೆಯದಕ್ಕೆ ಅದು ಜವಾಬ್ದಾರಿಯಲ್ಲ. ಅಲ್ಲಿ ನೀವು 'ನೋ ಶೋ', ಅಂದರೆ ಹೇಳದೆ ಬಾರದ ಪ್ರಯಾಣಿಕ. ವಾಪಸ್ ಬರುವ ಟಿಕೆಟ್ಟೂ ಅದೇ ಪಿಎನ್‌ಆರ್‌ನಲ್ಲಿದ್ದರೆ ಸಾಮಾನ್ಯವಾಗಿ ಅದೂ ಹೋಗುತ್ತದೆ.

ಇನ್ಶೂರೆನ್ಸ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. 'ಟ್ರಿಪ್ ಕ್ಯಾನ್ಸಲೇಷನ್' ಅಂದರೆ ಪಾಲಿಸಿಯಲ್ಲಿ ಬರೆದ ಕಾರಣಗಳಿಗೆ ಮಾತ್ರ: ನಿಮಗೆ ಕಾಯಿಲೆ, ಮನೆಯಲ್ಲಿ ಸಾವು, ಇಂಥವು. ಏರ್‌ಲೈನ್ ತಾನೇ ರದ್ದು ಮಾಡಿದ್ದು ಆ ಪಟ್ಟಿಯಲ್ಲಿ ಇದೆಯಾ ನೋಡಿ. 'ಮಿಸ್ಡ್ ಕನೆಕ್ಷನ್' (ಮುಂದಿನ ವಿಮಾನ ತಪ್ಪಿಹೋಗುವುದು) ಭಾಗವನ್ನು ಇನ್ನೂ ಜಾಸ್ತಿ ಗಮನದಿಂದ ಓದಿ. ಬೇರೆ ಪಿಎನ್‌ಆರ್ ನಡೆಯುತ್ತದಾ, ಎರಡು ವಿಮಾನಗಳ ನಡುವೆ ಕನಿಷ್ಠ ಎಷ್ಟು ಗಂಟೆ ಇರಬೇಕು, ಇವೆಲ್ಲ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಏಜೆಂಟರ ಬಾಯಿಮಾತು ಸಾಲದು. ಎರಡೂ ಟಿಕೆಟ್ ಲಗತ್ತಿಸಿ ಇನ್ಶೂರೆನ್ಸ್ ಕಂಪನಿಗೇ ಇಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ.

ರದ್ದಾದ ದಿನ ಮೊದಲ ಕೆಲಸ, ಎರಡನೇ ವಿಮಾನ ಹೊರಡುವ ಮುಂಚೆಯೇ ಆ ಏರ್‌ಲೈನ್‌ಗೆ ಫೋನ್ ಮಾಡುವುದು. ತಾರೀಕು ಬದಲಾಯಿಸಲು ಅವಕಾಶ ಸಿಗಬಹುದು. ಮೊದಲ ಏರ್‌ಲೈನ್‌ನ ಕೌಂಟರ್ ಬಿಡುವ ಮುಂಚೆ ರದ್ದತಿಯ ಕಾರಣ ಮತ್ತು ಸಮಯ ಇರುವ ಪತ್ರ ಕೇಳಿ ಪಡೆಯಿರಿ. ಕ್ಲೇಮ್‌ಗೆ ಅದು ಬೇಕೇ ಬೇಕು.

ಇನ್ನೊಂದು ವಿಷಯ. ರೀಫಂಡ್ ಇಲ್ಲದ ಟಿಕೆಟ್ ಆದರೂ, ಪ್ರಯಾಣ ಮಾಡದಿದ್ದರೆ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಯುಡಿಎಫ್ (ಬಳಕೆದಾರರ ಅಭಿವೃದ್ಧಿ) ಶುಲ್ಕ ವಾಪಸ್ ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮವಿದೆ. ಅದನ್ನು ಕೇಳದೆ ಬಿಡಬೇಡಿ.