ಮೊದಲು ‘ಬೇಡ’, ಆಮೇಲೆ ‘ನೀರು’

ಮಾತು ಬಾರದ ಮಗುವಿಗೆ ಒತ್ತಿದರೆ ಮಾತಾಡುವ ಸಾಧನ ಕೊಡುತ್ತೇವೆ ಅಂದ ಕೂಡಲೇ ಮನೆಯವರು ಕೇಳುವ ಪದಗಳು ಮೂರು: ನೀರು, ಊಟ, ಸುಸ್ಸು. ನಾನು ವಾಕ್ ಚಿಕಿತ್ಸಕಿ. ಈ ಮೂರನ್ನೂ ಹಿಂದಕ್ಕೆ ಹಾಕುತ್ತೇನೆ. ಹಸಿವು, ಬಾಯಾರಿಕೆ ತಾಯಿಗೆ ಮುಖ ನೋಡಿದರೇ ತಿಳಿಯುತ್ತದೆ. ತಿಳಿದರೂ ಯಾರೂ ಕಿವಿಗೆ ಹಾಕಿಕೊಳ್ಳದ ಮಾತೆಂದರೆ ‘ಬೇಡ’.

ಬೆಂಗಳೂರಿನ ಶ್ರೀರಾಂಪುರದ ಒಂದು ಮನೆಗೆ ಹೋಗುತ್ತಿದ್ದೇನೆ. ಮಗುವನ್ನು ಇಲ್ಲಿ ಪುಟ್ಟಿ ಅನ್ನೋಣ. ಅವಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ. ನಾನು ಹೋಗಲು ಶುರು ಮಾಡಿದಾಗ ಮೂರು ವರ್ಷ ದಾಟಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ನಗಬೇಕಾದ ಕಡೆ ನಗುತ್ತಾಳೆ, ಆದರೆ ‘ಆ’ ಬಿಟ್ಟು ಬೇರೆ ದನಿ ಹೊರಡುವುದಿಲ್ಲ. ಕೈ ಚಾಚಲು ಹೋದರೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ.

ಹಾಗಾಗಿ ಟ್ಯಾಬ್‌ಗಿಂತ ಮೊದಲು ಕುರ್ಚಿ ಸರಿ ಮಾಡಿಸಿದೆವು. ಸೊಂಟ ಹಿಂದಕ್ಕೆ ಒರಗಿ, ಪಾದ ಹಲಗೆಯ ಮೇಲೆ ಊರಿ, ಎದುರಿಗೆ ಟ್ರೇ ಇದ್ದರಷ್ಟೇ ಅವಳ ಕೈ ಅವಳ ಮಾತು ಕೇಳುತ್ತದೆ. ಕೂರುವುದು, ಕೈ ಬಳಸುವುದು ಇಂಥ ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಜೊತೆ ಕೂತು ನೋಡಿದಾಗ, ಮೇಲಿನಿಂದ ಒತ್ತುವುದು ಅವಳಿಗೆ ಆಗದು, ಬಲಮುಷ್ಟಿಯನ್ನು ಪಕ್ಕಕ್ಕೆ ಜಾರಿಸುವುದು ಆಗುತ್ತದೆ ಅಂತ ಗೊತ್ತಾಯಿತು. ತಳ್ಳಿದರೆ ರೆಕಾರ್ಡ್ ಮಾಡಿಟ್ಟ ಮಾತು ನುಡಿಸುವ ಸ್ವಿಚ್ಚನ್ನು ಟ್ರೇಯ ಬಲ ಅಂಚಿಗೆ ವೆಲ್ಕ್ರೋ ಹಾಕಿ ನೆಟ್ಟಗೆ ನಿಲ್ಲಿಸಿದೆವು.

ಹೊರದೇಶದ ಸ್ವಿಚ್ಚುಗಳ ಬೆಲೆ ಈ ಮನೆಗಳಿಗೆ ನಿಲುಕುವುದಿಲ್ಲ. ನಾನು ಎಲೆಕ್ಟ್ರಾನಿಕ್ ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಗೆ ಹೋಗುತ್ತೇನೆ. ದೊಡ್ಡ ಪುಶ್ ಬಟನ್, ಇಯರ್‌ಫೋನ್ ಚುಚ್ಚುವಂಥ 3.5 ಮಿ.ಮೀ. ಮೋನೋ ಸಾಕೆಟ್, ಐಎಸ್‌ಡಿ 1820 ಎಂಬ ಪುಟ್ಟ ರೆಕಾರ್ಡಿಂಗ್ ಬೋರ್ಡ್. ಅದರಲ್ಲಿ ಸುಮಾರು 10 ಸೆಕೆಂಡಿನ ದನಿ ಹಿಡಿಸುತ್ತದೆ. ಬೋರ್ಡಿನ ಪ್ಲೇ ಗುಂಡಿಗೆ ಎರಡು ತಂತಿ ಸೋಲ್ಡರ್ ಮಾಡಿ ಸಾಕೆಟ್‌ಗೆ ಕೊಟ್ಟರೆ ಮುಗಿಯಿತು. ಸೆಲ್ ಹಾಕುವ ಆಟಿಕೆಗೂ ಇದೇ ಸ್ವಿಚ್ ಸಾಕು: ತೆಳು ಪ್ಲಾಸ್ಟಿಕ್ಕಿನ ಎರಡೂ ಬದಿಗೆ ತಾಮ್ರದ ಹಾಳೆ ಅಂಟಿಸಿ, ಎರಡಕ್ಕೂ ತಂತಿ ಬೆಸೆದು ಸಾಕೆಟ್‌ಗೆ ಕೊಟ್ಟು, ಆ ಹಾಳೆಯನ್ನು ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ತೂರಿಸಬೇಕು. ತಳ್ಳಿ ಹಿಡಿದಷ್ಟು ಹೊತ್ತು ಬೊಂಬೆ ಡೋಲು ಬಾರಿಸುತ್ತದೆ. ತಾನು ತಳ್ಳಿದ್ದರಿಂದಲೇ ಅದು ಬಾರಿಸುತ್ತಿದೆ ಅಂತ ಗೊತ್ತಾದ ಮೇಲೇ ಮಾತಿನ ಸರದಿ.

ರೆಕಾರ್ಡಿಂಗಿಗೆ ದನಿ ಕೊಟ್ಟವಳು ದೊಡ್ಡಮ್ಮನ ಮಗಳು, ಆರು ವರ್ಷದವಳು. ಮೂರು ವರ್ಷದ ಹುಡುಗಿ ನನ್ನಂಥ ನಡುವಯಸ್ಸಿನವಳ ದನಿಯಲ್ಲಿ ಮಾತಾಡುವುದು ನನಗಂತೂ ಕೇಳಲಾಗದು.

‘ಇನ್ನೂ’ ಯಾರಿಗೂ ತಕರಾರಿಲ್ಲದೆ ಬಂತು. ಉಯ್ಯಾಲೆ ಆಡಿಸುತ್ತ ನಡುವೆ ನಿಲ್ಲಿಸಿ ಕಾದೆವು, ಅವಳು ತಳ್ಳಿದಳು. ಎರಡನೇ ಬಟನ್ನಿಗೆ ‘ಬೇಡ’ ತುಂಬಿಸುವಾಗ ಅಜ್ಜಿ ತಡೆದರು. “ಬ್ಯಾಡ ಅನ್ನೋದು ಕಲಿಸ್ಬಿಟ್ರೆ ಊಟಾನೇ ಬಿಟ್ಬಿಡ್ತಾಳೆ ಕಣಮ್ಮ.”

“ಈಗ್ಲೂ ಬೇಡ ಅಂತಾನೇ ಇದಾಳಲ್ಲಜ್ಜಿ, ತಲೆ ಹಿಂದಕ್ಕೆ ಎಸೆದು, ಅತ್ತು.”

ಬಟನ್ ‘ಬೇಡ’ ಅಂದ ತಕ್ಷಣ ಚಮಚ ಕೆಳಗಿಡಬೇಕು, ಅದೊಂದೇ ನಿಯಮ. ಔಷಧಿಯ ವಿಷಯ ಬೇರೆ. ಆಗಲೂ “ಬೇಡ ಅಂದೆ, ಕೇಳಿಸ್ತು, ಆದ್ರೂ ಇದು ಔಷಧಿ” ಅಂತ ಬಾಯಿಬಿಟ್ಟು ಹೇಳಿಯೇ ಕುಡಿಸಬೇಕು. ಕೆಲವು ದಿನ ಪುಟ್ಟಿ ಇಷ್ಟದ ಬಾಳೆಹಣ್ಣಿಗೂ ಬೇಡ ಅಂದು ಕಿಲಕಿಲ ನಕ್ಕಳು. ಮಾತು ಬರುವ ಎರಡು ವರ್ಷದ ಮಕ್ಕಳೂ ಮಾಡುವುದು ಇದನ್ನೇ ತಾನೆ? ಊಟದ ಹೊತ್ತಿನ ಅಳು ಮಾತ್ರ ಕಡಿಮೆಯಾಯಿತು.

ಆಮೇಲೆ ಟ್ಯಾಬ್. ಚೆನ್ನೈನಲ್ಲಿ ಹುಟ್ಟಿದ ಆವಾಜ್, ಐಐಟಿ ಬಾಂಬೆಯವರು ಉಚಿತವಾಗಿ ಕೊಡುವ ಜೆಲ್ಲೋ, ಹೀಗೆ ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್‌ಗಳು ನಮ್ಮಲ್ಲೂ ಇವೆ. ಮುಟ್ಟಲಾಗದ ಮಗುವಿಗೆ ಆಂಡ್ರಾಯ್ಡಿನಲ್ಲಿ ಸ್ವಿಚ್ ಆಕ್ಸೆಸ್ ಎಂಬ ಸೌಲಭ್ಯವಿದೆ: ಪರದೆಯ ಮೇಲೆ ಚೌಕಟ್ಟೊಂದು ಚಿತ್ರದಿಂದ ಚಿತ್ರಕ್ಕೆ ಸರಿಯುತ್ತದೆ, ಬೇಕಾದಲ್ಲಿ ಬಂದಾಗ ಮಗು ಸ್ವಿಚ್ ತಳ್ಳುತ್ತದೆ. ಅದರ ವೇಗವನ್ನು ಎಷ್ಟಾದರೂ ತಗ್ಗಿಸಿ.

ಆ್ಯಪ್‌ನ ಚಿತ್ರಗಳ ಬೋರ್ಡಿಗೆ ಇಂಗ್ಲಿಷಿನ ವಿನ್ಯಾಸವನ್ನು ಹಾಗೇ ತಂದರೆ ಒಂದು ತೊಡಕಿದೆ. ಅಲ್ಲಿ ಕ್ರಿಯಾಪದ ನಡುವೆ ಕೂತಿರುತ್ತದೆ. ನಮ್ಮದು ‘ಅಮ್ಮ ಚೆಂಡು ಕೊಡು’. ನಾನು ಎಡಕ್ಕೆ ಜನ, ನಡುವೆ ವಸ್ತು, ಬಲತುದಿಗೆ ಕೊಡು, ಬಾ, ಹೋಗು, ಬೇಕು, ಬೇಡ ಇಡುತ್ತೇನೆ. ಚೌಕಟ್ಟು ಸರಿಯುವ ದಾರಿಯೂ ವಾಕ್ಯದ ದಾರಿಯೂ ಒಂದೇ ಆಗುತ್ತದೆ. ಒಮ್ಮೆ ಇಟ್ಟ ಜಾಗ ಬದಲಿಸುವುದಿಲ್ಲ. ಇದೇ ಬೋರ್ಡನ್ನು ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿಟ್ಟಿದ್ದೇವೆ. ಪಾರ್ಕಿನ ಬಿಸಿಲಲ್ಲಿ ಪರದೆ ಕಾಣದು. ಆಗ ಅಮ್ಮ ಒಂದೊಂದೇ ಚಿತ್ರ ತೋರಿಸಿ ಹೆಸರು ಹೇಳುತ್ತಾರೆ, ಪುಟ್ಟಿ ಕಣ್ಣು ಮೇಲೆತ್ತಿದರೆ ಹೌದು.

ಮನೆಯವರಿಗೆ ಹೇಳುವುದು ಎರಡೇ. ನೀವು ಮಾತಾಡುವಾಗಲೂ ಆ ಚಿತ್ರಗಳನ್ನು ಮುಟ್ಟಿ. ನೋಡದ ಭಾಷೆ ಯಾರಿಗೂ ಬರದು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಎರಡನೆಯದು ಮಹಾ ಕಷ್ಟ, ಅಜ್ಜಿಗಿಂತ ಅಪ್ಪನಿಗೆ.

“ಇದಕ್ಕೆ ಒಗ್ಗಿಕೊಂಡ್ರೆ ಬಾಯಲ್ಲಿ ಮಾತೇ ಬರಲ್ವಾ ಮೇಡಂ?” ಅಂತ ಅಪ್ಪ ಕೇಳಿದ್ದರು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿಮರ್ಶೆ ಸನ್ನೆ, ಚಿತ್ರ ಮುಂತಾದ ಪರ್ಯಾಯ ವಿಧಾನ ಬಳಸಿದವರನ್ನು ನೋಡಿತ್ತು. ಗಟ್ಟಿ ಪುರಾವೆ ಸಿಕ್ಕಿದ್ದು 27 ಜನರ ಬಗ್ಗೆ. ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ, ಹೆಚ್ಚಿನವರದು ಸುಧಾರಿಸಿತ್ತು. ಪುಟ್ಟಿಗೆ ಮಾತು ಬಂದೇ ಬರುತ್ತದೆ ಅಂತ ನಾನು ಹೇಳಿಲ್ಲ.

ಒಂದು ಪ್ಲೇಸ್ಕೂಲಿನಲ್ಲಿ ಟ್ಯಾಬ್ ಆಟದ ಸಾಮಾನು, ಒಳಗೆ ಬಿಡುವುದಿಲ್ಲ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ವನ್ನು ವಿವರಿಸುವಾಗಲೇ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಆ ಪುಟದ ಪ್ರತಿ ಈಗ ಅಮ್ಮನ ಚೀಲದಲ್ಲಿದೆ.

ಸದ್ಯದ ಜಗಳ ‘ಪೆದ್ದ’ ಎಂಬ ಪದದ ಬಗ್ಗೆ. ಬೇರೆಯವರನ್ನು ಬೈಯಲು ತಂಗಿಗೂ ಒಂದಾದರೂ ಪದ ಬೇಕು ಅಂತ ದನಿ ಕೊಟ್ಟ ಅಕ್ಕನ ವಾದ, ಕೂಡದು ಅಂತ ಅಮ್ಮ. ನಾನು ಅಕ್ಕನ ಕಡೆ. ಕೊನೆಯ ಸಾಲಿನಲ್ಲಿ ಸೇರಿಸಿದ್ದೇನೆ.