ಬ್ರೀಫ್ ವಿದ್ಯಾರ್ಥಿಗಳೇ ಬರೆದಾಗ: ನನ್ನ ಸ್ಟುಡಿಯೋ ಅನುಭವ

ಮೂರನೇ ಸೆಮಿಸ್ಟರಿನ ಪ್ರಾಡಕ್ಟ್ ಡಿಸೈನ್ ಸ್ಟುಡಿಯೋಗೆ ಬ್ರೀಫ್, ಅಂದರೆ ಏನು, ಯಾರಿಗೆ, ಯಾವ ಮಿತಿಯಲ್ಲಿ ಮಾಡಬೇಕೆಂಬ ಟಿಪ್ಪಣಿ, ಬರೆದುಕೊಡುವುದನ್ನು ನಿಲ್ಲಿಸಿ 4 ವರ್ಷವಾಯಿತು. ‘ಜೂರಿಯಲ್ಲಿ (ಕೊನೆಯ ಮೌಲ್ಯಮಾಪನದಲ್ಲಿ) ಮಾನ ಹೋಗುತ್ತದೆ’ ಎಂದಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಈ ಸಲ ಇದೇ ದಾರಿ ಹಿಡಿದಿದ್ದಾರೆ.

ಮೊದಲ ವರ್ಷ ಪೂರ್ತಿ ಕೆಟ್ಟಿತು. ‘ಬೇಕಾದ್ದು ಆರಿಸಿಕೊಳ್ಳಿ’ ಎಂದದ್ದೇ ತಪ್ಪು. 28 ಜನರಲ್ಲಿ ಹೆಚ್ಚುಕಮ್ಮಿ 20 ಜನ ಪಿಂಟರೆಸ್ಟ್‌ನಲ್ಲಿ ಕಂಡ ದೀಪವನ್ನೇ ತಂದರು. ತ್ರೀಡಿ ಪ್ರಿಂಟಿಗೆ ತಲಾ ಎರಡೂವರೆ ಸಾವಿರ ಸುರಿದಿದ್ದರು.

ಈಗ ಊರು ಮತ್ತು ಸಾಮಗ್ರಿ ನಾನು ಹೇಳುತ್ತೇನೆ, ಪ್ರಶ್ನೆ ಅವರದು. ಚನ್ನಪಟ್ಟಣದಲ್ಲಿ 2 ದಿನ. ಮೊದಲ ದಿನ ಫೋನ್ ಹೊರತೆಗೆಯುವಂತಿಲ್ಲ, ಸ್ಕೆಚ್‌ಬುಕ್ಕಿನಲ್ಲಿ ಕಂಡದ್ದು 30 ಬರೆಯಬೇಕು. ಅದರಿಂದ 5 ಪ್ರಶ್ನೆ, ಅದರಿಂದ ಅರ್ಧ ಪುಟದ ಬ್ರೀಫ್. ‘ಸುಂದರ’, ‘ಆಧುನಿಕ’ ಎಂಬ ಪದ ಕಂಡರೆ ವಾಪಸ್.

ಒಬ್ಬ ವಿದ್ಯಾರ್ಥಿನಿ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಪಕ್ಕ ಕೂತು ನೋಡಿದ್ದು ಇದು: ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ, ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಇಕ್ಕಟ್ಟಾದ ಒಳಮೂಲೆಗೆ ಕಡ್ಡಿಯೂ ಹೋಗದು, ಗರಿಯೂ ಹೋಗದು. ‘2 ವರ್ಷದ ಮಗುವಿಗೆ ಗಿಲಕಿ, ಒಳಮೂಲೆ ಇರಬಾರದು, ಯಾವ ಭಾಗವೂ 31.7 ಮಿ.ಮೀ. ಪರೀಕ್ಷಾ ಸಿಲಿಂಡರಿನೊಳಗೆ ಇಳಿಯಬಾರದು’ ಎಂದು ಬರೆದಳು. ಆ ಸಿಲಿಂಡರಿನೊಳಗೆ ಇಳಿಯುವಷ್ಟು ಸಣ್ಣ ಭಾಗ ಮಗುವಿನ ಗಂಟಲಲ್ಲಿ ಸಿಕ್ಕಬಹುದು. ಇಷ್ಟು ಖಚಿತವಾದ ಬ್ರೀಫ್ ನಾನೂ ಬರೆದಿರಲಿಲ್ಲ.

ಮೊದಲ ಮೂರು ಮಾದರಿ ರಟ್ಟು, ಜೇಡಿಮಣ್ಣಿನಲ್ಲೇ. ಪ್ರಯಾಣ, ಕೊನೆಯ ಮರಗೆಲಸ ಎಲ್ಲ ಸೇರಿ ತಲಾ ಸುಮಾರು 900 ರೂಪಾಯಿ.

ಕ್ರಿಟ್, ಅಂದರೆ ಕೆಲಸವನ್ನು ಎಲ್ಲರೂ ಸೇರಿ ವಿಮರ್ಶಿಸುವುದು, ಒಬ್ಬೊಬ್ಬರಿಗೆ 12 ನಿಮಿಷ. ಬ್ರೀಫ್ ಓದಲು 2, ಮಾದರಿಯನ್ನು ಕೈಗೆ ತೆಗೆದುಕೊಂಡು ಸಹಪಾಠಿಗಳು ಚೀಟಿ ಬರೆಯಲು 4, ಅವರ ಚರ್ಚೆಗೆ 3, ಕೊನೆಯ 3 ನನಗೆ. ನಾನು ಮೊದಲು ಬಾಯಿ ತೆರೆದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಚೀಟಿಗೆ ಅಂಕ ಇಲ್ಲದಿದ್ದಾಗ ‘ಸೂಪರ್’ ಎಂದಷ್ಟೇ ಬರುತ್ತಿತ್ತು. 100ರಲ್ಲಿ 15 ಇಟ್ಟ ಮೇಲೆ ‘ಹೆಬ್ಬೆರಳು ಇಲ್ಲಿ ಜಾರುತ್ತದೆ’ ಎಂದು ಬರತೊಡಗಿತು. ಪ್ರಕ್ರಿಯೆಗೆ 45, ಬ್ರೀಫಿಗೆ 15, ಕೊನೆಯ ವಸ್ತುವಿಗೆ 25. ನಡುವೆ ಒಂದು ಪ್ರಯೋಗಕ್ಕೆ ಚೀಟಿ ಕನ್ನಡದಲ್ಲೂ ಬರೆಯಬಹುದು ಎಂದೆ. ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ಮನಿದ್ದ ನಾಲ್ಕೈದು ಜನರ ಚೀಟಿಗಳೇ ಎಲ್ಲರಿಗಿಂತ ಹರಿತವಾಗಿದ್ದವು.

 

ಐದನೇ ವಾರಕ್ಕೆ ಅರ್ಧ ತರಗತಿ ಬ್ರೀಫ್ ಬದಲಿಸುತ್ತೇವೆಂದು ಬರುತ್ತದೆ. ಒಮ್ಮೆ ಮಾತ್ರ ಬಿಡುತ್ತೇನೆ. ಹಳೆಯ ಹಾಳೆಯಲ್ಲೇ ಕೆಂಪು ಮಸಿಯಲ್ಲಿ ತಿದ್ದಿ, ಯಾಕೆಂದು ಕೆಳಗೆ ಮೂರು ಸಾಲು ಬರೆಯಬೇಕು. ಹೊಸ ಹಾಳೆ ಕೊಡುವುದಿಲ್ಲ.