ಎಲ್ಲಾ ಎದ್ದ ಮೇಲೇ ಸೊಪ್ಪು: ಹುಳದ ಮನೆ, ನನ್ನ ತರಗತಿ

ಶಿಡ್ಲಘಟ್ಟದ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಮನೆಯಲ್ಲಿ ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳ ಸಾಕುತ್ತೇವೆ. ಬೆಳಗ್ಗೆ ಬಿಸಿಲೇರುವ ಮುಂಚೆ ಸೊಪ್ಪು ಕೊಯ್ದು, ಒದ್ದೆ ಗೋಣಿ ಮುಚ್ಚಿಟ್ಟು, ಹುಳಕ್ಕೆ ಹಾಕಿ ಆಮೇಲೆ ಶಾಲೆಗೆ ಹೊರಡುತ್ತೇನೆ. ಎರಡೂ ಹೇಗೆ ಸಾಗುತ್ತೆ ಅಂತ ಕೇಳುವವರು ಜಾಸ್ತಿ. ನನಗಂತೂ ಪಾಠ ಮಾಡುವುದನ್ನು ಅರ್ಧ ಕಲಿಸಿದ್ದೇ ಹುಳದ ಮನೆ.

ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ, ಏನೂ ತಿನ್ನುವುದಿಲ್ಲ. ಆಗ ಸೊಪ್ಪು ನಿಲ್ಲಿಸಿ, ತೆಳ್ಳಗೆ ಸುಣ್ಣದ ಪುಡಿ ಎರಚಿ, ಹಾಸಿಗೆ ಒಣಗಲು ಬಿಡುತ್ತೇವೆ. ಕಷ್ಟ ಇರುವುದು ಅವು ಏಳುವಾಗ. ಕೆಲವು ಬೇಗ ಎದ್ದು ಸೊಪ್ಪಿಗಾಗಿ ತಲೆ ಆಡಿಸುತ್ತಿರುತ್ತವೆ, ಪಕ್ಕದವು ಇನ್ನೂ ಅಲ್ಲಾಡಿರುವುದಿಲ್ಲ. ಹಸಿದವನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ಅಲ್ವಾ? ಆದರೆ ನಮ್ಮತ್ತೆ ಬಿಡುವುದಿಲ್ಲ. "ಇರಮ್ಮ, ಎಲ್ಲಾ ಎದ್ದೇಳ್ಲಿ." ನೂರಕ್ಕೆ 90-95 ಎದ್ದ ಮೇಲೇ ಮೊದಲ ಸೊಪ್ಪು. ಅವಸರ ಮಾಡಿದರೆ ಒಂದೇ ಹಾಸಿಗೆಯಲ್ಲಿ ದಪ್ಪ ಹುಳ, ಸಣ್ಣ ಹುಳ ಬೆರೆತು, ಹಣ್ಣಾಗುವುದೂ (ಗೂಡು ಕಟ್ಟಲು ಸಿದ್ಧವಾಗುವುದು) ಹಿಂದೆ ಮುಂದೆ ಆಗಿ, ಗೂಡು ಕಟ್ಟಿಸುವ ಚಂದ್ರಿಕೆ ತಟ್ಟೆಗೆ ಬಿಡುವಾಗ ಮನೆಮಂದಿಗೆಲ್ಲ ಅದೇ ಕೆಲಸ ದಿನಗಟ್ಟಲೆ ಎಳೆಯುತ್ತದೆ.

ತರಗತಿಯಲ್ಲಿ ನಾನು ಇದನ್ನೇ ಮಾಡುತ್ತೇನೆ. 42ರಲ್ಲಿ 17 ಕಳೆಯಿರಿ ಅಂದರೆ ಮೂರನೇ ತರಗತಿಯ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. 2ರಲ್ಲಿ 7 ಹೋಗಲ್ಲ ಅಂತ ಅವರೇ ತಿರುಗಿಸಿ 7ರಲ್ಲಿ 2 ಕಳೆದಿರುತ್ತಾರೆ. ಅದು ಅಜಾಗರೂಕತೆ ಅಲ್ಲ. ಹತ್ತರ ಕಟ್ಟನ್ನು ಬಿಚ್ಚಬಹುದು ಅನ್ನೋದು ಆ ಮಗುವಿಗೆ ಇನ್ನೂ ಕಂಡಿಲ್ಲ. ಹಾಗಾಗಿ ಕಡ್ಡಿಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತೇನೆ, ಬಿಚ್ಚುವುದು ಮಗುವಿನ ಕೈಯಿಂದಲೇ ಆಗಬೇಕು. ಪುಸ್ತಕದಲ್ಲಿ ಮುಂದಿನ ಪಾಠ ಕಾಯುತ್ತಿದ್ದರೆ ಕಾಯಲಿ. ಕೋವಿಡ್ ಆದ ಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಅಂತ ಇಡೀ ರಾಜ್ಯದಲ್ಲಿ ಹಿಂದಿನ ತರಗತಿಗಳ ಕಲಿಕೆಯನ್ನೂ ಸೇರಿಸಿ ಕಲಿಸಿದೆವಲ್ಲ, ನನ್ನ ಪ್ರಕಾರ ಅದು ಪ್ರತಿ ವರ್ಷವೂ ಜೂನ್‌ನಲ್ಲಿ ಸ್ವಲ್ಪ ದಿನ ನಡೆಯಬೇಕಾದ ಕೆಲಸ.

ಆದರೆ ಬೇಗ ಎದ್ದ ಮಗುವನ್ನು ಹುಳದ ಥರ ಹಸಿದುಕೊಂಡಿರು ಅನ್ನಲು ಆಗಲ್ಲ. ಹುಳ ಒಂದೇ ದಿನ ಹಣ್ಣಾಗಬೇಕು, ಮಕ್ಕಳು ಹಾಗಾಗಬೇಕಿಲ್ಲ. ಲೆಕ್ಕ ಬೇಗ ಮುಗಿಸಿದವರಿಗೆ ಗೂಡಿನ ಮಾರುಕಟ್ಟೆಯ ದರ ಹೇಳಿ, ನೀವೇ ಲೆಕ್ಕ ಕಟ್ಟಿ ಪಕ್ಕದವರಿಗೆ ಕೊಡಿ ಅನ್ನುತ್ತೇನೆ. ಇನ್ನೊಂದು ವ್ಯತ್ಯಾಸ ದೊಡ್ಡದು. ಹಾಲುತೊಂಡೆ ಅನ್ನೋ ಅಂಟುರೋಗ ಬಂದ ಹುಳವನ್ನು ದಿನಾ ಆರಿಸಿ ತೆಗೆಯಲೇಬೇಕು, ಇಲ್ಲದಿದ್ದರೆ ಇಡೀ ಬೆಳೆ ಹೋಗುತ್ತದೆ. ಶಾಲೆಯಲ್ಲಿ ಹಿಂದೆ ಬಿದ್ದ ಮಗುವನ್ನು ಬೇರೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಶಾಲೆಯಿಂದ ತೋಟಕ್ಕೆ ಹೋದದ್ದು ಬರೆದಿಡುವ ಅಭ್ಯಾಸ. ಮುಂಚೆ ನಮ್ಮ ಮನೆಯಲ್ಲಿ ಎಲ್ಲ ಬಾಯಿಲೆಕ್ಕ, ಬೆಳೆ ಕೆಟ್ಟಾಗ ಯಾರು ಏನು ಮಾಡಿದರು ಅನ್ನೋ ಮಾತೇ ಜಾಸ್ತಿ. ಈಗ ಹುಳದ ಮನೆಯ ಬಾಗಿಲಲ್ಲಿ ಒಂದು ನೋಟ್‌ಬುಕ್ ನೇತಾಡುತ್ತದೆ. ಚಾಕಿ ಹುಳ (ಮರಿಹುಳ) ತಂದ ದಿನ, ಯಾವ ತಾಕಿನ ಸೊಪ್ಪು, ಯಾವಾಗ ಜ್ವರಕ್ಕೆ ಕೂತವು, ಕೆಜಿಗೆ ಎಷ್ಟು ಸಿಕ್ಕಿತು, ಎಲ್ಲ ಅದರಲ್ಲಿ. ಅತ್ತೆ ಹೇಳುತ್ತಾರೆ, ಮೈದುನ ಬರೆಯುತ್ತಾನೆ. ಬೆಳೆ ಮುಗಿದು ಮನೆ ತೊಳೆದು ಬ್ಲೀಚಿಂಗ್ ಪುಡಿಯ ನೀರು ಹೊಡೆದ ಮೇಲೆ ಎಲ್ಲರೂ ಕೂತು ಅದನ್ನು ಓದುತ್ತೇವೆ. ಹುಣಸೆಮರದ ನೆರಳಿನ ತಾಕಿನಿಂದ ಸೊಪ್ಪು ತಂದಾಗಲೆಲ್ಲ ಹಾಲುತೊಂಡೆ ಜಾಸ್ತಿ ಅಂತ ಹಾಗೆ ಓದುವಾಗಲೇ ಕಂಡಿದ್ದು. ನೆರಳಲ್ಲಿ ಬೆಳೆದ ಸೊಪ್ಪಿನಲ್ಲಿ ನೀರಿನಂಶ ಹೆಚ್ಚು, ಸತ್ವ ಕಡಿಮೆ. ಹುಳ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲೇ ಹೋಗುವುದರಿಂದ, ಆಗ ಬಿಸಿಲಿನ ತಾಕಿನದ್ದನ್ನೇ ಕೊಡುತ್ತೇವೆ. ನೆರಳಿನದ್ದು ಹಸುಗಳಿಗೆ.